ತಟ್ಟೆಯಲ್ಲಿ ಏನಿಲ್ಲ?

ಊಟದ ಬಗ್ಗೆ ಪ್ರಶ್ನೆ ಕೇಳಿ ನೀವು ಬರೆದುಕೊಟ್ಟ ಚೀಟಿಗಳನ್ನು ಒಂದು ಸುತ್ತು ನೋಡಿದೆ. ಮುಕ್ಕಾಲು ಪಾಲು ಚೀಟಿಗಳು ಮುಗಿಯುವುದು ಒಂದೇ ಮಾತಿನಲ್ಲಿ: ಬಿಡಬೇಕಾ? ಅನ್ನ ಬಿಡಬೇಕಾ, ಎಣ್ಣೆ ಬಿಡಬೇಕಾ, ರಾತ್ರಿ ಊಟ ಬಿಡಬೇಕಾ, ಹಾಲು ಬಿಟ್ಟರೆ ಮೊಡವೆ ಹೋಗುತ್ತಾ. ಬಿಡುವ ವಿಷಯಕ್ಕೂ ಬರುತ್ತೇನೆ, ಆದರೆ ಆಮೇಲೆ. ಹನ್ನೆರಡರಿಂದ ಹದಿನೈದು ವರ್ಷದೊಳಗಿನ ನೀವು ಊಟಕ್ಕೆ ಕೂತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ನನ್ನ ತಟ್ಟೆಯಲ್ಲಿ ಏನಿಲ್ಲ?

ಈ ಪ್ರಶ್ನೆಗೆ ಈಗಲೇ ಯಾಕಿಷ್ಟು ತೂಕ ಅಂದರೆ, ನೀವು ದೊಡ್ಡವರಾದ ಮೇಲೆ ಇರುವ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಈ ಹದಿಹರೆಯದಲ್ಲೇ ಸೇರುತ್ತದೆ. ಎತ್ತರದಲ್ಲಿ ಶೇಕಡ 15ರಿಂದ 20ರಷ್ಟು ಈಗಲೇ ಸೇರುತ್ತದೆ. ಹುಡುಗಿಯರಲ್ಲಿ ಬೆಳವಣಿಗೆಯ ರಭಸ ಸಾಮಾನ್ಯವಾಗಿ 11–12ನೇ ವಯಸ್ಸಿಗೆ ತುತ್ತತುದಿ ಮುಟ್ಟುತ್ತದೆ, ಆಗ ವರ್ಷಕ್ಕೆ ಸುಮಾರು 8 ಸೆಂ.ಮೀ. ಹುಡುಗರಲ್ಲಿ ಅದು 13–14ಕ್ಕೆ ಬರುತ್ತದೆ, ವರ್ಷಕ್ಕೆ 9–10 ಸೆಂ.ಮೀ. ಆದ್ದರಿಂದ ಏಳನೇ ತರಗತಿಯಲ್ಲಿ ಹುಡುಗಿಯರು ಎತ್ತರ ಕಾಣುವುದು, ಒಂಬತ್ತಕ್ಕೆ ಬರುವಷ್ಟರಲ್ಲಿ ಲೆಕ್ಕ ತಿರುಗುವುದು ಎರಡೂ ಸಹಜ. ಹಿಂದೆ ಬಿದ್ದಿದ್ದೇನೆ ಎಂದು ಕೊರಗಬೇಕಾಗಿಲ್ಲ.

ಮನೆ ಕಟ್ಟುವಾಗ ಸಿಮೆಂಟು ಬರದಿದ್ದರೆ ಮೇಸ್ತ್ರಿ ಕೆಲಸ ನಿಲ್ಲಿಸಿ ಫೋನು ಮಾಡುತ್ತಾನೆ. ದೇಹ ಫೋನು ಮಾಡುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಎಲುಬಿನಿಂದ ಕಿತ್ತು ತರುತ್ತದೆ. ಕಬ್ಬಿಣಾಂಶ ಇಳಿದರೆ ಮೊದಲು ಕೂಡಿಟ್ಟ ದಾಸ್ತಾನನ್ನು ಖಾಲಿ ಮಾಡುತ್ತದೆ. ಹೊರಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೊರತೆ ಕಣ್ಣಿಗೆ ಬೀಳುವಷ್ಟರಲ್ಲಿ ಅದಕ್ಕೆ ತಿಂಗಳುಗಳ ವಯಸ್ಸಾಗಿರುತ್ತದೆ.

ಮೊದಲು ಶಕ್ತಿಯ ಲೆಕ್ಕ ಮುಗಿಸೋಣ, ಅದು ಚಿಕ್ಕದು. ಒಂದು ಗ್ರಾಂ ಕಾರ್ಬೋಹೈಡ್ರೇಟ್ 4 ಕಿಲೋಕ್ಯಾಲರಿ ಕೊಡುತ್ತದೆ, ಪ್ರೋಟೀನ್ ಕೂಡ 4, ಕೊಬ್ಬು 9. ನಾವು ಮಾತಿನಲ್ಲಿ ಕ್ಯಾಲರಿ ಅನ್ನುವುದು ಈ ಕಿಲೋಕ್ಯಾಲರಿಯನ್ನೇ. ನಿಮ್ಮ ವಯಸ್ಸಿನ ಹುಡುಗಿಯರಿಗೆ ದಿನಕ್ಕೆ ಸುಮಾರು 2000ದಿಂದ 2400, ಹುಡುಗರಿಗೆ 2200ರಿಂದ 2800 ಬೇಕಾಗುತ್ತದೆ. ದಿನಾ ಎರಡು ಗಂಟೆ ಮೈದಾನದಲ್ಲಿ ಓಡುವವರಿಗೆ ಇನ್ನೂ ಹೆಚ್ಚು. ಈ ಅಂಕಿಗಳನ್ನು ಕೇಳಿ ಮರೆತುಬಿಡಿ. ತುತ್ತು ತುತ್ತಿಗೂ ಕ್ಯಾಲರಿ ಎಣಿಸುವುದು ನಿಮ್ಮ ವಯಸ್ಸಿಗೆ ಹೇಳಿದ ಕೆಲಸವಲ್ಲ. ಹದಿಮೂರರ ಹುಡುಗ ಊಟ ಮುಗಿಸಿ ಒಂದು ಗಂಟೆಗೆ ಮತ್ತೆ ಅಡುಗೆಮನೆಗೆ ಬಂದರೆ ಅದು ಹೊಟ್ಟೆಬಾಕತನವೂ ಅಲ್ಲ, ಬೆಳೆಯುವ ಮೈಯ ಹಸಿವು. ಬಂದಾಗ ಕೈಗೆ ಏನು ಸಿಗುತ್ತದೆ ಅನ್ನುವುದು ಮಾತ್ರ ಮುಖ್ಯ.

ಅಕ್ಕಿ, ಗೋಧಿ, ಜೋಳದಂಥ ಧಾನ್ಯಗಳು ಈ ಶಕ್ತಿಯ ದೊಡ್ಡ ಪಾಲು ಕೊಡುತ್ತವೆ. ಅವನ್ನು ಬಿಡುವ ಅಗತ್ಯ ಇಲ್ಲ. ಆದರೆ ಧಾನ್ಯದ ಹೊರಪದರ ತೆಗೆದು ಬಿಳುಪು ಮಾಡಿದಷ್ಟೂ ನಾರು, ಬಿ ಗುಂಪಿನ ವಿಟಮಿನ್, ಖನಿಜ ಎಲ್ಲ ತೌಡಿನ ಜೊತೆ ಹೊರಟುಹೋಗುತ್ತವೆ. ಇದಕ್ಕೆ ಒಂದು ಒಳ್ಳೆಯ ಕಥೆ ಇದೆ, ಸ್ವಲ್ಪ ದಾರಿ ತಪ್ಪಿದರೂ ಹೇಳಿಬಿಡುತ್ತೇನೆ.

1890ರ ದಶಕ. ಈಗಿನ ಜಕಾರ್ತಾ ಆಗ ಡಚ್ಚರ ಆಳ್ವಿಕೆಯಲ್ಲಿದ್ದ ಬಟಾವಿಯಾ. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ವೈದ್ಯರು ಅಲ್ಲಿ ಬೆರಿಬೆರಿ ಎಂಬ ಕಾಯಿಲೆಯ ಬೆನ್ನು ಹತ್ತಿದ್ದರು. ಕಾಲು ಸೋಲುತ್ತದೆ, ನರ ಕೆಡುತ್ತದೆ, ಹೃದಯ ಕೈಕೊಡುತ್ತದೆ. ಕಾರಣ ಯಾವುದೋ ರೋಗಾಣು ಇರಬೇಕೆಂದು ಹುಡುಕುತ್ತಿದ್ದರು. ಅಷ್ಟರಲ್ಲಿ ಪ್ರಯೋಗಾಲಯದ ಕೋಳಿಗಳೇ ಕಾಲು ಸೋತು ಬಿದ್ದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಎದ್ದು ಓಡಾಡಿದವು. ವಿಚಾರಿಸಿ ನೋಡಿದರೆ, ಕಾಯಿಲೆ ಬಿದ್ದ ತಿಂಗಳುಗಳಲ್ಲಿ ಕೋಳಿಗಳಿಗೆ ಹಾಕುತ್ತಿದ್ದುದು ಮಿಲಿಟರಿ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನ. ಹೊಸದಾಗಿ ಬಂದ ಅಡುಗೆಯವನು, ಮಿಲಿಟರಿ ಅನ್ನವನ್ನು ಹೊರಗಿನ ಕೋಳಿಗೆ ಕೊಡುವುದಿಲ್ಲ ಎಂದು ನಿಲ್ಲಿಸಿದ. ಪಾಲಿಶ್ ಮಾಡದ ಅಕ್ಕಿ ತಿನ್ನತೊಡಗಿದ ಕೋಳಿಗಳು ಚೇತರಿಸಿಕೊಂಡವು. ಸ್ವಾರಸ್ಯ ಇರುವುದು ಇದರ ಮುಂದೆ. ಬಿಳಿ ಅಕ್ಕಿಯಲ್ಲಿ ಏನೋ ವಿಷ ಇದೆ ಎಂದುಕೊಂಡರು ಐಕ್‌ಮನ್. ಅದರಲ್ಲಿ ಇರುವುದನ್ನು ಹುಡುಕಬೇಡಿ, ಅದರಲ್ಲಿ ಇಲ್ಲದ್ದನ್ನು ಹುಡುಕಿ ಎಂಬ ಅರ್ಥದ ತೀರ್ಮಾನಕ್ಕೆ 1901ರಲ್ಲಿ ಬಂದವರು ಅವರ ಜಾಗಕ್ಕೆ ಬಂದಿದ್ದ ಖೆರಿಟ್ ಗ್ರಿನ್ಸ್. ಆ ‘ಇಲ್ಲದ್ದು’ ತೌಡಿನಲ್ಲಿ ಹೋದ ಥಯಾಮಿನ್, ಅಂದರೆ ಬಿ1 ವಿಟಮಿನ್. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಬಂತು. ಅಡುಗೆಯವನ ಹೆಸರು ನನಗಂತೂ ಎಲ್ಲೂ ಕಾಣಲಿಲ್ಲ.

ನಿಮಗೆ ಇದರಿಂದ ಬೇಕಾದದ್ದು ಇಷ್ಟು. ದಿನದ ಧಾನ್ಯದಲ್ಲಿ ಅರ್ಧವಾದರೂ ಹೊಟ್ಟು ಉಳಿದಿರುವ ಇಡೀ ಧಾನ್ಯವಾಗಿರಲಿ. ಪೊಟ್ಟಣದ ಬ್ರೆಡ್ ಕಂದು ಬಣ್ಣಕ್ಕಿದ್ದ ಮಾತ್ರಕ್ಕೆ ಇಡೀ ಗೋಧಿಯದು ಎಂದು ನಂಬಬೇಡಿ. ಆ ಬಣ್ಣ ಸಕ್ಕರೆ ಸುಟ್ಟು ಮಾಡಿದ ಕ್ಯಾರಮೆಲ್‌ನಿಂದಲೂ ಬರುತ್ತದೆ. ಸಾಮಗ್ರಿಗಳ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ ಅಥವಾ ಸಂಸ್ಕರಿಸಿದ ಗೋಧಿ ಹಿಟ್ಟು ಆಗಿದ್ದರೆ ಅದು ಬಿಳಿ ಬ್ರೆಡ್ಡೇ.

ಈಗ ಪ್ರೋಟೀನ್. ಸ್ನಾಯು, ಚರ್ಮ, ರಕ್ತ, ಹಾರ್ಮೋನು, ಎಲ್ಲದರ ಕಚ್ಚಾವಸ್ತು ಇದು. ನಿಮಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಸಾಕು. ನಿಮ್ಮ ತೂಕ 45 ಕಿಲೋ ಅಂದುಕೊಳ್ಳಿ, 45 ಗ್ರಾಂ. ಇದನ್ನು ಪುಡಿ ಡಬ್ಬದಿಂದ ತುಂಬಿಸಬೇಕಾ ಎಂದು ಎರಡು ಚೀಟಿಗಳಲ್ಲಿ ಕೇಳಿದ್ದೀರಿ. ಕೂಡಿಸಿ ನೋಡೋಣ. 200 ಮಿಲಿ ಲೋಟದಲ್ಲಿ ಎರಡು ಲೋಟ ಹಾಲು, 13 ಗ್ರಾಂ. ಒಣ ತೂಕದಲ್ಲಿ 30 ಗ್ರಾಂ ಬೇಳೆ, 7 ಗ್ರಾಂ. ಒಂದು ಹಿಡಿ ಶೇಂಗಾ, ಅಂದರೆ 30 ಗ್ರಾಂ, ಅದರಿಂದ 7. ಇಡೀ ದಿನದ ಧಾನ್ಯ ಒಣ ತೂಕದಲ್ಲಿ 300 ಗ್ರಾಂ ಆದರೆ ಅದರಿಂದಲೇ 25ರ ಸುಮಾರು. ಒಟ್ಟು 52. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ ಮೇಲೆ. ಧಾನ್ಯ, ಕಾಳುಗಳ ಪ್ರೋಟೀನ್ ಹಾಲು ಮೊಟ್ಟೆಯದಷ್ಟು ಪೂರ್ತಿ ಜೀರ್ಣವಾಗುವುದಿಲ್ಲ, ಅದಕ್ಕೇ ಈ ಏಳೆಂಟು ಗ್ರಾಂ ಹೆಚ್ಚಿಗೆ ಇರಲಿ. ಪುಡಿಗೆ ಇಲ್ಲಿ ಕೆಲಸವೇ ಇಲ್ಲ.

ಲೆಕ್ಕ ಹೀಗೆ ಸಲೀಸಾಗಿ ಕಂಡರೂ ತಟ್ಟೆಯಲ್ಲಿ ಎಡವಟ್ಟಾಗುವ ಮೂರು ಜಾಗಗಳಿವೆ. ಒಂದು, ಬೇಳೆ ನೀರಾಗಿರುವುದು. ಪಾತ್ರೆಯ ಮೇಲಿನ ತಿಳಿಯನ್ನಷ್ಟೇ ಬಡಿಸಿಕೊಂಡರೆ ಬೇಳೆ ಕಂಡಂತೆ, ಸಿಗದಂತೆ. ಸೌಟನ್ನು ತಳದವರೆಗೆ ಇಳಿಸಿ. ಎರಡು, ಬರೀ ಧಾನ್ಯ. ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಅಮೈನೊ ಆಮ್ಲಗಳು, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು, ಒಂಬತ್ತು. ಧಾನ್ಯಗಳಲ್ಲಿ ಅವುಗಳ ಪೈಕಿ ಲೈಸೀನ್ ಕಡಿಮೆ. ಕಾಳುಗಳಲ್ಲಿ ಲೈಸೀನ್ ಧಾರಾಳ, ಮೆಥಿಯೊನೀನ್ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಸೇರಬೇಕೆಂದಿಲ್ಲ, ಅದೇ ದಿನದೊಳಗೆ ಬಂದರಾಯಿತು. ಮೂರನೆಯದು ವ್ಯಾಯಾಮಕ್ಕೆ ಹೋಗುವ ಹುಡುಗರು ಮಾಡುವ ತಪ್ಪು: ಅನ್ನ, ಬ್ರೆಡ್ ಎಲ್ಲ ಬಿಟ್ಟು ಪ್ರೋಟೀನ್ ಮಾತ್ರ ಹೆಚ್ಚಿಸುವುದು. ಉರಿಸಲು ಬೇರೆ ಸೌದೆ ಇಲ್ಲದಾಗ ದೇಹ ಪ್ರೋಟೀನನ್ನೇ ಒಲೆಗೆ ಹಾಕುತ್ತದೆ. ಸ್ನಾಯು ಕಟ್ಟಲೆಂದು ತಂದ ದುಬಾರಿ ಮರ ಸೌದೆಯಾಯಿತು.

ಕ್ಯಾಲ್ಸಿಯಂಗೆ ಬರೋಣ. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡ 99ರಷ್ಟು ಇರುವುದು ಎಲುಬು ಮತ್ತು ಹಲ್ಲುಗಳಲ್ಲಿ. ಎಲುಬಿಗೆ ಖನಿಜ ತುಂಬುವ ಕೆಲಸ ಹದಿಹರೆಯದ ಕೊನೆಯ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಇಪ್ಪತ್ತೈದರಲ್ಲಿ ನೆನಪಾಗಿ ಹಾಲು ಕುಡಿದರೆ ಇದ್ದುದನ್ನು ಕಾಪಾಡಿಕೊಳ್ಳಬಹುದು, ತಪ್ಪಿಹೋದದ್ದು ಅಷ್ಟಾಗಿ ಬರುವುದಿಲ್ಲ. ಶಿಫಾರಸು ದೇಶದಿಂದ ದೇಶಕ್ಕೆ ಸ್ವಲ್ಪ ಬೇರೆಯಾದರೂ ದಿನಕ್ಕೆ 1000ದಿಂದ 1300 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. 100 ಮಿಲಿ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ, ಮೊಸರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು ಆದರೆ 650ರ ಹತ್ತಿರ ಬಂದಿರಿ. ಉಳಿದದ್ದು ಸೊಪ್ಪು, ಸಿಪ್ಪೆ ಸಹಿತದ ಎಳ್ಳು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಕಾಳು ಇವುಗಳಿಂದ ಬರಬೇಕು.

ಸೊಪ್ಪು ಎಂದೆ, ಎಲ್ಲ ಸೊಪ್ಪೂ ಒಂದೇ ಅಲ್ಲ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲಿರುವ ಆಕ್ಸಲೇಟ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಹಾಲಿನ ಕ್ಯಾಲ್ಸಿಯಂ ಶೇಕಡ 30ರಷ್ಟು ಮೈಗೆ ಹತ್ತಿದರೆ ಪಾಲಕ್‌ನದು ಶೇಕಡ 5ರಷ್ಟು. ಪಾಲಕ್ ಬಿಡಬೇಡಿ, ಅದರಲ್ಲಿ ಬೇರೆ ಒಳ್ಳೆಯದು ಬಹಳ ಇದೆ. ಕ್ಯಾಲ್ಸಿಯಂಗೆ ಮಾತ್ರ ಅದನ್ನು ನೆಚ್ಚಬೇಡಿ. ಎಲೆಕೋಸು, ಮೂಲಂಗಿ ಸೊಪ್ಪು ಈ ವಿಷಯದಲ್ಲಿ ವಾಸಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮೊಸರು ಪ್ರಯತ್ನಿಸಬಹುದು, ಹೆಪ್ಪುಗಟ್ಟುವಾಗ ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆ ಸ್ವಲ್ಪ ಕರಗಿರುತ್ತದೆ. ಕ್ಯಾಲ್ಸಿಯಂ ಒಳಗೆ ಹೋಗಲು ಡಿ ವಿಟಮಿನ್ ಬೇಕು, ಅದನ್ನು ಚರ್ಮ ಬಿಸಿಲಿನಲ್ಲಿ ತಯಾರಿಸುತ್ತದೆ. ಕಿಟಕಿಯ ಗಾಜಿನ ಹಿಂದೆ ಕೂತು ಕಾಯಿಸಿಕೊಂಡ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಎಲುಬಿಗೆ ಇನ್ನೊಂದು ಬೇಡಿಕೆ ಇದೆ: ಹೊಡೆತ. ಓಡುವುದು, ಹಗ್ಗದಾಟ, ಜಿಗಿತ. ಭಾರ ಬಿದ್ದ ಕಡೆ ಎಲುಬು ಗಟ್ಟಿಯಾಗುತ್ತದೆ.

ಇನ್ನು ಕಬ್ಬಿಣಾಂಶ. ಇದರ ಬಗ್ಗೆ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನಿಮ್ಮ ವಯಸ್ಸಿನಲ್ಲಿ ಅತಿ ಹೆಚ್ಚು ಕಾಣುವ ಕೊರತೆಗಳಲ್ಲಿ ಇದು ಒಂದು, ಮತ್ತು ಅದನ್ನು ಸೋಮಾರಿತನ ಎಂದು ತಪ್ಪು ತಿಳಿಯುವುದು ಬಹಳ ಸುಲಭ. ಹಿಮೋಗ್ಲೋಬಿನ್ ಕಟ್ಟಲು ಕಬ್ಬಿಣ ಬೇಕು, ಹಿಮೋಗ್ಲೋಬಿನ್ ಆಮ್ಲಜನಕ ಹೊರಬೇಕು. ಹುಡುಗರಿಗೂ ಇದು ಬೇಕು, ರಕ್ತದ ಪ್ರಮಾಣವೂ ಸ್ನಾಯುವೂ ಒಟ್ಟಿಗೆ ಏರುತ್ತಿರುವುದರಿಂದ. ಹುಡುಗಿಯರಿಗೆ ಅದರ ಮೇಲೆ ಮುಟ್ಟಿನ ಲೆಕ್ಕ ಸೇರುತ್ತದೆ. ಈ ಲೆಕ್ಕವನ್ನು ಎಲ್ಲರೂ ಕೇಳಿಸಿಕೊಳ್ಳಿ, ಹುಡುಗರೂ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ 40 ಮಿಲಿ ಅನ್ನೋಣ. ಒಂದು ಮಿಲಿ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ಅಲ್ಲಿಗೆ 20 ಮಿಲಿಗ್ರಾಂ. 28 ದಿನಕ್ಕೆ ಹಂಚಿದರೆ ದಿನಕ್ಕೆ 0.7. ಇಷ್ಟೇನಾ ಅನ್ನಿಸುತ್ತದೆ. ಆದರೆ ಸಸ್ಯಾಹಾರದ ಕಬ್ಬಿಣದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಮೈಗೆ ಹತ್ತುತ್ತದೆ ಎಂದುಕೊಂಡರೆ, ಆ 0.7 ತುಂಬಲು ಊಟದಲ್ಲಿ ದಿನಾ 7 ಮಿಲಿಗ್ರಾಂ ಹೆಚ್ಚಿಗೆ ಬೇಕು. ಬೇಯಿಸಿದ ಮಸೂರ ಬೇಳೆ 100 ಗ್ರಾಂ ತಿಂದರೆ ಸಿಗುವುದು 3 ಮಿಲಿಗ್ರಾಂ ಚಿಲ್ಲರೆ. ಹಾಗಾಗಿ ತಿನ್ನುವುದನ್ನು ಹೆಚ್ಚಿಸುವುದಕ್ಕಿಂತ, ತಿಂದದ್ದು ಮೈಗೆ ಹತ್ತುವಂತೆ ನೋಡಿಕೊಳ್ಳುವುದೇ ಜಾಣತನ.

ಅದು ಹೇಗೆ? ಮಾಂಸ, ಮೀನಿನಲ್ಲಿರುವ ಕಬ್ಬಿಣದ ಒಂದು ಪಾಲು ಸುಲಭವಾಗಿ ಒಳಹೋಗುವ ರೂಪದಲ್ಲಿರುತ್ತದೆ. ಸೊಪ್ಪು, ಕಾಳು, ಧಾನ್ಯದ ಕಬ್ಬಿಣಕ್ಕೆ ಜೊತೆಗಾರ ಬೇಕು, ಆ ಜೊತೆಗಾರ ಸಿ ವಿಟಮಿನ್. ಊಟದ ಜೊತೆಗೇ ನಿಂಬೆ, ಕಿತ್ತಳೆ, ಸೀಬೆ, ಹಸಿ ಟೊಮೆಟೊ, ದೊಡ್ಡ ಮೆಣಸಿನಕಾಯಿ ಇವುಗಳಲ್ಲಿ ಒಂದಿರಲಿ. ಜೊತೆಗೇ ಎಂದೆ, ಎರಡು ಗಂಟೆ ಬಿಟ್ಟು ಅಲ್ಲ. ಇಬ್ಬರೂ ಹೊಟ್ಟೆಯಲ್ಲಿ ಒಂದೇ ಹೊತ್ತಿಗೆ ಭೇಟಿಯಾಗಬೇಕು. ನಿಂಬೆರಸವನ್ನು ಒಲೆಯ ಮೇಲೆ ಕುದಿಯುವಾಗ ಹಿಂಡಬೇಡಿ, ಸಿ ವಿಟಮಿನ್ ಶಾಖಕ್ಕೆ ನಾಶವಾಗುತ್ತದೆ. ತಟ್ಟೆಗೆ ಬಂದ ಮೇಲೆ ಹಿಂಡಿ. ಕಾಳುಗಳನ್ನು ರಾತ್ರಿ ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಜೊತೆಗಾರ ಇದ್ದಂತೆ ಅಡ್ಡಗಾಲು ಹಾಕುವವರೂ ಇದ್ದಾರೆ: ಚಹಾ ಮತ್ತು ಕಾಫಿ. ಊಟಕ್ಕೂ ಅವಕ್ಕೂ ಹಿಂದೆ ಮುಂದೆ ಕನಿಷ್ಠ ಒಂದು ಗಂಟೆ ಅಂತರ ಇರಲಿ. ಊಟ ಮುಗಿದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಇದ್ದವರು ಆ ಒಂದನ್ನು ಬದಲಿಸಿದರೂ ಸಾಕು, ಹೊಸದಾಗಿ ಏನೂ ತಿನ್ನದೆ ಸಿಗುವ ಕಬ್ಬಿಣ ಹೆಚ್ಚುತ್ತದೆ.

ಕೊರತೆ ಬಂದರೆ ಹೀಗಿರುತ್ತದೆ: ಒಂದು ಮಹಡಿ ಹತ್ತಿದರೆ ಏದುಸಿರು, ಮಧ್ಯಾಹ್ನದ ತರಗತಿಯಲ್ಲಿ ತಲೆ ನಿಲ್ಲದಿರುವುದು, ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಕೈಕಾಲು ತಣ್ಣಗಿರುವುದು. ಕೆಲವರಿಗೆ ಐಸ್, ಸೀಮೆಸುಣ್ಣ, ಮಣ್ಣು ತಿನ್ನಬೇಕೆನ್ನಿಸುತ್ತದೆ. ನಾಚಿಕೆಪಟ್ಟು ಮುಚ್ಚಿಡಬೇಡಿ, ಅದು ಕೆಟ್ಟ ಚಾಳಿ ಅಲ್ಲ, ಕಬ್ಬಿಣದ ಕೊರತೆಯ ಪರಿಚಿತ ಲಕ್ಷಣ. ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. 12–14 ವರ್ಷದವರಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ರಕ್ತಹೀನತೆ. ಆ ಹಂತಕ್ಕೆ ಬಂದ ಮೇಲೆ ಊಟವೊಂದೇ ಸಾಲದು, ಮಾತ್ರೆ ಬೇಕಾಗಬಹುದು, ವೈದ್ಯರು ಹೇಳಿದಷ್ಟೇ. ಮಾತ್ರೆ ತೆಗೆದುಕೊಳ್ಳುವಾಗ ಮಲ ಕಪ್ಪಾದರೆ ಗಾಬರಿ ಬೇಡ. ಡಬ್ಬಿಯನ್ನು ಮಾತ್ರ ಮನೆಯ ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಿ, ಮಿಠಾಯಿ ಎಂದು ಒಂದಿಷ್ಟು ನುಂಗಿದರೆ ಜೀವಕ್ಕೇ ಅಪಾಯ.

ತರಕಾರಿ, ಹಣ್ಣಿನ ಮಾತು ನಿಮಗೆ ಕೇಳಿ ಕೇಳಿ ಸಾಕಾಗಿರುತ್ತದೆ, ಆದ್ದರಿಂದ ಅಳತೆ ಮಾತ್ರ ಹೇಳುತ್ತೇನೆ. ಹತ್ತು ವರ್ಷ ದಾಟಿದವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ. ನಿಮ್ಮ ಮುಷ್ಟಿಯಷ್ಟು ಒಂದು ಪಾಲು ಅಂದುಕೊಂಡರೆ ಐದು ಪಾಲು. ಆಲೂಗಡ್ಡೆ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಧಾನ್ಯದ ಪಂಕ್ತಿಯಲ್ಲಿ ಕೂರುತ್ತದೆ. ತರಕಾರಿ ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ನೀರಿನಲ್ಲಿ ಕರಗುವ ವಿಟಮಿನ್‌ಗಳು ತೊಟ್ಟಿಗೆ ಹೋಗುತ್ತವೆ. ಬೇಯಿಸಿದ ನೀರು ಚೆಲ್ಲಬೇಡಿ, ಅದೇ ಕಾರಣಕ್ಕೆ. ಕ್ಯಾರೆಟ್, ಕುಂಬಳದ ಕಿತ್ತಳೆ ಬಣ್ಣ ಮೈಗೆ ಸೇರಿ ಎ ವಿಟಮಿನ್ ಆಗಬೇಕಾದರೆ ಊಟದಲ್ಲಿ ಒಂದಿಷ್ಟು ಎಣ್ಣೆ ಇರಬೇಕು. ಎಣ್ಣೆ ಪೂರ್ತಿ ಬಿಡಬೇಕಾ ಎಂದು ಕೇಳಿದವರಿಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ನಾರಿನಂಶ ದಿನಕ್ಕೆ 25 ಗ್ರಾಂ ಬೇಕು. ಇವತ್ತು ಈ ಮಾತು ಕೇಳಿ ನಾಳೆಯೇ ಒಂದು ಬುಟ್ಟಿ ಕಾಳು ತಿಂದರೆ ಹೊಟ್ಟೆ ಉಬ್ಬಿ ನನ್ನನ್ನು ಬೈಯುತ್ತೀರಿ. ಎರಡು ಮೂರು ವಾರದಲ್ಲಿ ನಿಧಾನಕ್ಕೆ ಏರಿಸಿ, ಜೊತೆಗೆ ನೀರು ಹೆಚ್ಚಿಸಿ. ನೀರು ಸಾಕಾಗಿದೆಯೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಆದರೆ ಸರಿ, ಗಾಢವಾದರೆ ಸಾಲದು.

ಈಗ ಕಡಿಮೆ ಮಾಡುವ ವಿಷಯ. ನನ್ನ ಪಟ್ಟಿ ಚಿಕ್ಕದು, ಮೊದಲ ಹೆಸರು ಕುಡಿಯುವ ಸಕ್ಕರೆ. ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯಲ್ಲಿ ಶೇಕಡ 10ನ್ನು ಮೀರಬಾರದು, 5ರೊಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕಿಲೋಕ್ಯಾಲರಿಗೆ ಅದು 50 ಗ್ರಾಂ, ಅಥವಾ 25. ಒಂದು ಟೀ ಚಮಚ ಸಕ್ಕರೆ 4 ಗ್ರಾಂ. 330 ಮಿಲಿಯ ಒಂದು ಸಾಮಾನ್ಯ ಕೋಲಾ ಕ್ಯಾನ್‌ನಲ್ಲಿ 35 ಗ್ರಾಂ, ಹತ್ತಿರಹತ್ತಿರ ಒಂಬತ್ತು ಚಮಚ. ಒಂಬತ್ತು ಚಮಚ ಸಕ್ಕರೆ ತಿನ್ನಿ ಎಂದರೆ ಯಾರೂ ತಿನ್ನುವುದಿಲ್ಲ, ಕುಡಿಯಿರಿ ಎಂದರೆ ಕುಡಿಯುತ್ತಾರೆ. ಕುಡಿದ ಸಕ್ಕರೆ ಹೊಟ್ಟೆಗೆ ತುಂಬಿದ ಲೆಕ್ಕ ಕೊಡುವುದಿಲ್ಲ, ಆಮೇಲಿನ ಊಟ ಎಂದಿನಷ್ಟೇ ನಡೆಯುತ್ತದೆ. ಹಣ್ಣಿನ ರಸವೂ ಇದೇ ಸಾಲಿಗೆ ಸೇರುತ್ತದೆ. ಮೂರು ಕಿತ್ತಳೆ ಒಟ್ಟಿಗೆ ತಿನ್ನುವುದು ಕಷ್ಟ, ಮೂರು ಕಿತ್ತಳೆಯ ರಸ ಎರಡು ನಿಮಿಷದ ಕೆಲಸ, ನಾರು ಜರಡಿಯಲ್ಲೇ ಉಳಿಯಿತು. ಹಣ್ಣು ಕಚ್ಚಿ ತಿನ್ನಿ.

ಪೊಟ್ಟಣ ಓದುವುದನ್ನು ಕಲಿಯಿರಿ, ಒಂದು ನಿಮಿಷ ಸಾಕು. ಮುಂಭಾಗ ಓದಬೇಡಿ, ಅದು ಜಾಹೀರಾತು. ಹಿಂದೆ ತಿರುಗಿಸಿ. ‘ಪ್ರತಿ ಸರ್ವಿಂಗ್‌ಗೆ’ ಎಂಬ ಸಾಲು ಮೋಸ ಮಾಡುತ್ತದೆ, ಮೂರು ಬಿಸ್ಕತ್ತಿಗೆ ಒಂದು ಸರ್ವಿಂಗ್ ಎಂದು ಬರೆದಿರುತ್ತಾರೆ, ಯಾರು ಮೂರಕ್ಕೆ ನಿಲ್ಲುತ್ತಾರೆ? 100 ಗ್ರಾಂನ ಸಾಲು ನೋಡಿ, ನೀವು ನಿಜವಾಗಿ ತಿನ್ನುವಷ್ಟಕ್ಕೆ ಲೆಕ್ಕ ಹಾಕಿ. ಸಕ್ಕರೆಯ ಗ್ರಾಂ ಅನ್ನು 4ರಿಂದ ಭಾಗಿಸಿದರೆ ಚಮಚ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು: 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ದೊಡ್ಡವರಿಗೇ ಇಡೀ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎನ್ನುತ್ತಾರೆ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ, ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಅದು ಮಿಠಾಯಿ ಎಂದೇ ತಿಳಿಯಿರಿ. ಸಕ್ಕರೆಗೆ ಅಡ್ಡಹೆಸರುಗಳೂ ಉಂಟು: ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಹಣ್ಣಿನ ರಸದ ಸಾಂದ್ರಣ. ನಾಲ್ಕು ಹೆಸರಿನಲ್ಲಿ ಹಂಚಿಹಾಕಿದರೆ ಯಾವುದೂ ಪಟ್ಟಿಯ ಮೇಲೆ ಬರುವುದಿಲ್ಲ ನೋಡಿ. ‘ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ’ ಎಂದು ಕಂಡರೆ ಅಲ್ಲೇ ಇಟ್ಟು ಬನ್ನಿ. ಅದು ಟ್ರಾನ್ಸ್ ಕೊಬ್ಬು, ಅದರಿಂದ ಹೃದಯಕ್ಕೆ ಕೆಡುಕು ಮಾತ್ರ.

ಎನರ್ಜಿ ಡ್ರಿಂಕ್ ಬಗ್ಗೆ ಚೀಟಿ ಇದೆ. ನಿಮ್ಮ ವಯಸ್ಸಿಗೆ ಬೇಡ. ಕೆಫೀನ್ ದಿನಕ್ಕೆ ದೇಹತೂಕದ ಕಿಲೋಗೆ 3 ಮಿಲಿಗ್ರಾಂ ಮೀರಬಾರದು ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಮಕ್ಕಳಿಗೆ ಹಾಕಿರುವ ಗೆರೆ. 45 ಕಿಲೋಗೆ 135. ಅರ್ಧ ಲೀಟರಿನ ಒಂದು ಕ್ಯಾನ್‌ನಲ್ಲಿ ಸಾಮಾನ್ಯವಾಗಿ 160. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ, ಸಂಜೆ ಆರಕ್ಕೆ ಕುಡಿದರೆ ರಾತ್ರಿ ಹನ್ನೊಂದಕ್ಕೂ 80 ಮಿಲಿಗ್ರಾಂ ಉಳಿದಿರುತ್ತದೆ, ಒಂದು ಲೋಟ ಕಾಫಿ ಕುಡಿದು ಮಲಗಿದ ಹಾಗೆ. ಮರುದಿನ ನಿದ್ದೆಗಣ್ಣು, ಅದಕ್ಕೆ ಮತ್ತೊಂದು ಕ್ಯಾನ್.

ಬೆಳಗಿನ ತಿಂಡಿ ಸೇರುವುದಿಲ್ಲ ಎನ್ನುವವರು ಮೂರ್ನಾಲ್ಕು ಮಂದಿ ಇದ್ದೀರಿ. ಹಿಂದಿನ ರಾತ್ರಿ ಎಷ್ಟೊತ್ತಿಗೆ ಏನು ತಿಂದಿರಿ ಎಂದು ನೋಡಿಕೊಳ್ಳಿ, ಹತ್ತೂವರೆಗೆ ಚಿಪ್ಸ್ ತಿಂದವರಿಗೆ ಏಳಕ್ಕೆ ಹಸಿವಾಗದು. ಎದ್ದ ಕೂಡಲೇ ತಿನ್ನಲಾಗದಿದ್ದರೆ ಎರಡು ಕಂತು ಮಾಡಿ: ಹೊರಡುವ ಮುನ್ನ ಒಂದು ಲೋಟ ಹಾಲು ಅಥವಾ ಬಾಳೆಹಣ್ಣು, ಮೊದಲ ಬಿಡುವಿನಲ್ಲಿ ಡಬ್ಬಿಯಿಂದ ಉಳಿದದ್ದು. ಡಬ್ಬಿಯಲ್ಲಿ ಧಾನ್ಯದ ಜೊತೆ ಪ್ರೋಟೀನ್ ಇರುವ ಏನಾದರೂ ಇರಲಿ, ಮೊಟ್ಟೆ, ಕಾಳು, ಮೊಸರು, ಶೇಂಗಾ. ಬರೀ ಬ್ರೆಡ್ಡು ಜಾಮು ತಿಂದವರಿಗೆ ಮೂರನೇ ಪೀರಿಯಡ್‌ಗೇ ಹೊಟ್ಟೆ ಕರೆಯುತ್ತದೆ.

ಇನ್ನು ತೂಕ ಇಳಿಸುವ ಚೀಟಿಗಳು. ಇವುಗಳ ಮೇಲೆ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಮೈನೆರೆಯುವ ಹೊತ್ತಿಗೆ ಹುಡುಗಿಯರ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ದೇಹ ಬೇಕೆಂದೇ ಮಾಡುವ ಕೆಲಸ. ಕೆಲವು ಹುಡುಗರು ಮೊದಲು ದಪ್ಪಗಾಗಿ ಆಮೇಲೆ ಎತ್ತರಕ್ಕೆ ಎಳೆಯುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕವೇ ಎಂದು ಅಳೆಯುವ ಪಟ್ಟಿ, ಅದೇ 18.5, 25 ಎಂಬ ಗೆರೆಗಳು, ದೊಡ್ಡವರಿಗೆ ಮಾಡಿದ್ದು. ನಿಮ್ಮದನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆಯ ಮೇಲೆ ಇಟ್ಟು ನೋಡಬೇಕು, ಅದೂ ಒಂದು ದಿನದ ತೂಕವನ್ನಲ್ಲ, ವರ್ಷ ಎರಡು ವರ್ಷದ ಹಾದಿಯನ್ನು. ತೂಕ ನಿಜಕ್ಕೂ ಹೆಚ್ಚಿದೆ ಎಂದು ವೈದ್ಯರು ಹೇಳಿದರೂ ನಿಮ್ಮ ವಯಸ್ಸಿನಲ್ಲಿ ಅನೇಕ ಸಲ ಗುರಿ ತೂಕ ಇಳಿಸುವುದಲ್ಲ, ಎತ್ತರ ಬೆಳೆದು ತೂಕವನ್ನು ಹಿಡಿಯುವವರೆಗೆ ಏರದಂತೆ ನೋಡಿಕೊಳ್ಳುವುದು. ಊಟ ಬಿಟ್ಟರೆ ಮೊದಲು ನಿಲ್ಲುವುದು ಬೆಳವಣಿಗೆ, ಆಮೇಲೆ ಸಂಜೆ ತಡೆಯಲಾಗದೆ ಎರಡರಷ್ಟು ತಿನ್ನುವುದು. ಮೂರು ತಿಂಗಳು ಮುಟ್ಟು ನಿಂತರೆ, ತಲೆ ಸುತ್ತಿ ಬಿದ್ದರೆ, ತಿಂದದ್ದನ್ನು ವಾಂತಿ ಮಾಡಬೇಕೆನ್ನಿಸಿದರೆ, ಇಡೀ ದಿನ ಊಟದ್ದೇ ಯೋಚನೆಯಾದರೆ, ಅದು ಮನೋಬಲದ ಕೊರತೆ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ ಇರಬಹುದು. ನಂಬಿಕೆ ಇರುವ ಒಬ್ಬ ದೊಡ್ಡವರಿಗೆ ಅದೇ ವಾರ ಹೇಳಿ. ಹಿಂದೆ ಕೂತಿರುವ ಹೆತ್ತವರಿಗೂ ಒಂದು ಮಾತು: ಮಗುವಿನ ಮೈ ಬಗ್ಗೆ ಊಟದ ಹೊತ್ತಿಗೆ ತಮಾಷೆ ಮಾಡಬೇಡಿ. ನೀವು ಮರೆಯುತ್ತೀರಿ, ಅವರು ಮರೆಯುವುದಿಲ್ಲ.

ಉಳಿದ ಚೀಟಿಗಳನ್ನು ಬೇಗ ಮುಗಿಸುತ್ತೇನೆ. ಎತ್ತರ ಹೆಚ್ಚಿಸುವ ಪುಡಿ: ಊಟದಲ್ಲಿ ಕೊರತೆ ಇದ್ದರೆ ಅದನ್ನು ತುಂಬಿದಾಗ ಬೆಳವಣಿಗೆ ದಾರಿಗೆ ಬರುತ್ತದೆ, ಕೊರತೆಯೇ ಇಲ್ಲದವರನ್ನು ಯಾವ ಪುಡಿಯೂ ಎಳೆದು ಉದ್ದ ಮಾಡುವುದಿಲ್ಲ. ಹಾಲು ಮತ್ತು ಮೊಡವೆ: ಕೆಲವು ಅಧ್ಯಯನಗಳಲ್ಲಿ ನಂಟು ಕಂಡಿದೆ, ಗಟ್ಟಿ ಪುರಾವೆ ಅಲ್ಲ. ಮೊದಲು ಸಿಹಿ ಪಾನೀಯ ನಿಲ್ಲಿಸಿ ನೋಡಿ, ಹಾಲು ಬಿಟ್ಟರೆ ಆ ಕ್ಯಾಲ್ಸಿಯಂ ಎಲ್ಲಿಂದ ಎಂಬ ಉತ್ತರ ಇಟ್ಟುಕೊಂಡೇ ಬಿಡಿ. ಹಾಲು, ಮೊಟ್ಟೆಯನ್ನೂ ಮುಟ್ಟದ ಪೂರ್ಣ ಸಸ್ಯಾಹಾರಿಗಳು: ಬಿ12 ವಿಟಮಿನ್ ಗಿಡಮೂಲದಲ್ಲಿ ನೆಚ್ಚುವಷ್ಟು ಸಿಗುವುದಿಲ್ಲ, ಅದನ್ನು ಸೇರಿಸಿದ ಆಹಾರ ಅಥವಾ ಮಾತ್ರೆ ಬೇಕೇ ಬೇಕು. ಪಂದ್ಯದ ದಿನ: ಪೂರ್ಣ ಊಟ ಎರಡು ಮೂರು ಗಂಟೆ ಮೊದಲು, ಅರ್ಧ ಗಂಟೆ ಮುಂಚೆ ಬೇಕಿದ್ದರೆ ಒಂದು ಬಾಳೆಹಣ್ಣು, ಎಂದೂ ತಿನ್ನದ ಹೊಸದನ್ನು ಅವತ್ತು ಪ್ರಯತ್ನಿಸಬೇಡಿ.

ಕೊನೆಯ ಚೀಟಿ, ಪರೀಕ್ಷೆಗೆ ಓದುವಾಗ ರಾತ್ರಿ ಹತ್ತಕ್ಕೆ ಹಸಿವಾದರೆ ಏನು ತಿನ್ನಲಿ ಎಂದು. ಮೊದಲು ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ನೋಡಿ. ಆಗಲೂ ಹಸಿವಿದ್ದರೆ ಹಾಲು, ಅಥವಾ ಮೊಸರಿಗೆ ಹಣ್ಣು, ಅಥವಾ ಒಂದು ಹಿಡಿ ಶೇಂಗಾ. ಬಟ್ಟಲಿಗೆ ಹಾಕಿಕೊಂಡು ಬನ್ನಿ, ಡಬ್ಬವನ್ನೇ ಪುಸ್ತಕದ ಪಕ್ಕ ಇಟ್ಟುಕೊಳ್ಳಬೇಡಿ.